ಕೆಂಪು ಮುಳ್ಳಿನ ಹಿಂದೆ ಐದು ದಿನ

ನನಗೆ ದಿಕ್ಕು ತಿಳಿಯುವುದಿಲ್ಲ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೊಬೈಲ್ ಎಡಕ್ಕೆ ತಿರುಗು ಅಂದರೆ ತಿರುಗುತ್ತೇನೆ, ಬಲಕ್ಕೆ ಅಂದರೆ ಬಲಕ್ಕೆ. ಅದು ಬಾಯಿ ಮುಚ್ಚಿದರೆ ನಿಂತಲ್ಲೇ ನಿಲ್ಲುತ್ತೇನೆ. ಅಕ್ಕ ಇದಕ್ಕೆ ಪೂರ್ತಿ ಉಲ್ಟಾ. ಸರ್ವೆ ಕೆಲಸದಲ್ಲಿ ವರ್ಷಗಟ್ಟಲೆ ಗುಡ್ಡ ಹತ್ತಿ ಇಳಿದವಳು. ಈ ಚಳಿಗಾಲದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ, "ಐದು ದಿನ ನನ್ನ ಜೊತೆ ಬಾ. ನಕ್ಷೆ ಒಂದು, ಕಂಪಾಸ್ ಎರಡು. ಮೊಬೈಲ್ ತುರ್ತಿಗೆ ಮಾತ್ರ" ಅಂದಳು. ಆಗಲ್ಲ ಅನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ.

ಮೊದಲ ದಿನ

ಗುಡ್ಡಗಳ ಬುಡದಲ್ಲಿ ಒಂದು ಬಯಲು. ಬ್ಯಾಗ್ ಇಳಿಸುವ ಮೊದಲೇ ಅಕ್ಕ ಕೇಳಿದಳು: "ಉತ್ತರ ಯಾವ ಕಡೆ ತೋರ್ಸು."

ತೋರಿಸಿದೆ. ಅವಳು ನಕ್ಕಳು. ನಾನು ತೋರಿಸಿದ್ದು ಹೆಚ್ಚುಕಡಿಮೆ ಪೂರ್ವ.

ಆಮೇಲೆ ಕಂಪಾಸ್ ನನ್ನ ಕೈಗೆ ಬಂತು. ಪಾರದರ್ಶಕ ಪ್ಲಾಸ್ಟಿಕ್ ಹಲಗೆ, ಅದರ ಮೇಲೆ ಗುಂಡನೆಯ ಡಬ್ಬಿ, ಡಬ್ಬಿಯ ಸುತ್ತ ತಿರುಗಿಸಬಹುದಾದ ಡಯಲ್. ಒಳಗೆ ದ್ರವದಲ್ಲಿ ಮುಳುಗಿದ ಮುಳ್ಳು, ಒಂದು ತುದಿ ಕೆಂಪು, ಇನ್ನೊಂದು ಬಿಳಿ. ದ್ರವ ಯಾಕೆ ಅಂದರೆ, ಇಲ್ಲದಿದ್ದರೆ ಮುಳ್ಳು ತುಂಬಾ ಹೊತ್ತು ತೂಗಾಡುತ್ತಲೇ ಇರುತ್ತದೆ. ದ್ರವ ಅದನ್ನು ತಡೆದು ಬೇಗ ನಿಲ್ಲಿಸುತ್ತದೆ. ಹಲಗೆಯ ಮೇಲೆ ಒಂದು ಬಾಣದ ಗುರುತು. ಹೋಗಬೇಕಾದ ಕಡೆ ತೋರಿಸುವುದು ಈ ಬಾಣ, ಮುಳ್ಳಲ್ಲ. ಇದು ತಲೆಗೆ ಹೋಗುವುದಕ್ಕೇ ನನಗೆ ಅರ್ಧ ಗಂಟೆ ಬೇಕಾಯಿತು. ಕೆಂಪು ತುದಿ ಉತ್ತರ ತೋರಿಸುತ್ತದೆ, ಅಷ್ಟೇ ಅದರ ಕೆಲಸ. ನಾನು ಎಲ್ಲಿಗೆ ಹೋಗಬೇಕು ಅನ್ನುವುದು ಅದಕ್ಕೆ ಏನು ಗೊತ್ತು?

ಬೇರಿಂಗ್ ಅನ್ನುವ ಪದ ಕೇಳಿ ಏನೋ ದೊಡ್ಡ ವಿದ್ಯೆ ಅಂದುಕೊಂಡಿದ್ದೆ. ಅದೊಂದು ಕೋನ. ಉತ್ತರಕ್ಕೆ ಮುಖ ಮಾಡಿ ನಿಲ್ಲುವುದು, ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗುತ್ತಾ ಹೋಗುವುದು, ಬೇಕಾದ ವಸ್ತು ಎದುರಿಗೆ ಬಂದಾಗ ಎಷ್ಟು ಡಿಗ್ರಿ ತಿರುಗಿದ್ದೇನೆ ಅಂತ ನೋಡುವುದು. ಪೂರ್ವ 90, ದಕ್ಷಿಣ 180, ಪಶ್ಚಿಮ 270, ಸುತ್ತಿ ಬಂದರೆ ಮತ್ತೆ ಉತ್ತರ, 360 ಅಥವಾ 0. ಈಶಾನ್ಯ 45, ಆಗ್ನೇಯ 135, ನೈಋತ್ಯ 225, ವಾಯವ್ಯ 315. ಯಾವಾಗಲೂ ಮೂರು ಅಂಕಿ ಹೇಳಬೇಕು ಅಂತ ಅಕ್ಕನ ಕಟ್ಟಪ್ಪಣೆ. 45 ಅನ್ನಬಾರದು, ಸೊನ್ನೆ ನಾಲ್ಕು ಐದು ಅನ್ನಬೇಕು. ಗಾಳಿಯಲ್ಲಿ ಕೂಗಿ ಹೇಳುವಾಗ ಒಂದು ಅಂಕಿ ಹಾರಿಹೋದರೆ ಕೇಳಿದವರಿಗೆ ಕೂಡಲೇ ಗೊತ್ತಾಗುತ್ತದೆ.

"ಈಶಾನ್ಯಕ್ಕೆ ಹೋದ್ರೆ ಆಯ್ತಲ್ವಾ, ಇಷ್ಟೆಲ್ಲ ಡಿಗ್ರಿ ಯಾಕೆ?" ಅಂದೆ.

"ನಿನ್ನ ಈಶಾನ್ಯ ಎಷ್ಟು ಅಗಲ ಗೊತ್ತಾ?" ಅಂದಳು. ಎಂಟು ದಿಕ್ಕು ಅಂತ ಹಂಚಿದರೆ ಒಂದೊಂದರ ಪಾಲಿಗೆ 45 ಡಿಗ್ರಿ. ಹಡಗಿನವರು ಅದನ್ನು 32 ಭಾಗ ಮಾಡಿಕೊಂಡಿದ್ದರು, ಒಂದೊಂದು 11.25 ಡಿಗ್ರಿ. ಅಷ್ಟು ಸಣ್ಣದು ಕೂಡ ನಡೆಯುವವನಿಗೆ ದೊಡ್ಡದೇ. ಒಂದೇ ಒಂದು ಡಿಗ್ರಿ ತಪ್ಪಿದರೂ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಸುಮಾರು 17 ಮೀಟರ್ ಪಕ್ಕಕ್ಕೆ ಸರಿದಿರುತ್ತೇವೆ. 5 ಡಿಗ್ರಿಗೆ 87 ಮೀಟರ್.

ಸಂಜೆ ಒಂದು ಪರೀಕ್ಷೆ. ನೆಲದಲ್ಲಿ ಕಡ್ಡಿ ನೆಟ್ಟು, 040ರ ಕಡೆಗೆ 100 ಹೆಜ್ಜೆ, ಅದಕ್ಕೆ 120 ಕೂಡಿಸಿ 160ರ ಕಡೆಗೆ 100 ಹೆಜ್ಜೆ, ಮತ್ತೆ 120 ಕೂಡಿಸಿ 280ರ ಕಡೆಗೆ 100 ಹೆಜ್ಜೆ. ಮೂರು ಬದಿಯೂ ಸಮ ಇರುವ ತ್ರಿಕೋನ ಇದು, ಕಡ್ಡಿಯ ಹತ್ತಿರವೇ ಬಂದು ನಿಲ್ಲಬೇಕು. ನಾನು ನಿಂತ ಜಾಗದಿಂದ ಕಡ್ಡಿ 20 ಹೆಜ್ಜೆ ದೂರ ಇತ್ತು. ಮತ್ತೊಮ್ಮೆ ಮಾಡಿದೆ, ಮತ್ತೆ ಹಾಗೇ. ಅಕ್ಕ ಬಂದು ನನ್ನ ಅಂಗಿಯ ಜೇಬಿನಿಂದ ಮೊಬೈಲ್ ತೆಗೆದಳು. ಮುಳ್ಳು ಕಣ್ಣೆದುರೇ ಜರುಗಿತು. ಎದೆಯ ಹತ್ತಿರ ಕಂಪಾಸ್ ಹಿಡಿದಾಗಲೆಲ್ಲ ಮೊಬೈಲಿನ ಸ್ಪೀಕರು, ಕವರಿನ ಆಯಸ್ಕಾಂತ ಎಲ್ಲ ಸೇರಿ ಅದನ್ನು ಎಳೆಯುತ್ತಿದ್ದವು. ಮೂರನೇ ಸಲಕ್ಕೆ ಕಡ್ಡಿಯಿಂದ ನಾಲ್ಕೇ ಹೆಜ್ಜೆ ದೂರ. ಆವತ್ತಿನಿಂದ ಮೊಬೈಲನ್ನು ಬ್ಯಾಗಿನ ಪಕ್ಕದ ಜೇಬಿಗೆ ಹಾಕಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೂರ್ಯ ಮುಳುಗಿದ ಜಾಗಕ್ಕೂ ಬೇರಿಂಗ್ ತೆಗೆದೆ: 248. ಪಶ್ಚಿಮ ಅಂದರೆ 270 ಅಲ್ವಾ? ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ ಅಂತ ನಮ್ಮ ಭಾಷೆಯೇ ಸೂರ್ಯನನ್ನು ನೋಡಿ ಹೆಸರಿಟ್ಟಿದೆ. ಆದರೆ ಸೂರ್ಯ ನೆಟ್ಟಗೆ ಪೂರ್ವದಲ್ಲಿ ಹುಟ್ಟಿ ನೆಟ್ಟಗೆ ಪಶ್ಚಿಮದಲ್ಲಿ ಮುಳುಗುವುದು ವರ್ಷಕ್ಕೆ ಎರಡೇ ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ, ಹಗಲು ರಾತ್ರಿ ಸಮ ಆಗುವ ಹೊತ್ತಿಗೆ. ಉಳಿದ ದಿನ ಅತ್ತ ಇತ್ತ. ಇಷ್ಟು ವರ್ಷ ಸೂರ್ಯನನ್ನು ನಂಬಿ ದಿಕ್ಕು ಹೇಳುತ್ತಿದ್ದವನಿಗೆ ಇದು ಸ್ವಲ್ಪ ಬೇಜಾರಿನ ಸುದ್ದಿ.

ಎರಡನೇ ದಿನ

ಬೆಳಗಿನ ಜಾವ ಐದಕ್ಕೇ ಅಕ್ಕ ಎಬ್ಬಿಸಿದಳು. ಮೈ ಕೊರೆಯುವ ಚಳಿ. ಆಕಾಶದಲ್ಲಿ ಸಪ್ತರ್ಷಿ ಮಂಡಲ ಚೆನ್ನಾಗಿ ಮೇಲೆ ಬಂದಿತ್ತು. ಸೌಟಿನ ಬಾಯಿಯ ಕೊನೆಯ ಎರಡು ನಕ್ಷತ್ರ ಪುಲಹ, ಕ್ರತು. ಅವನ್ನು ಸೇರಿಸುವ ಗೆರೆಯನ್ನು ಕ್ರತುವಿನಿಂದ ಮುಂದಕ್ಕೆ ಐದು ಪಟ್ಟು ಎಳೆದರೆ ಧ್ರುವ ನಕ್ಷತ್ರ. ಅಷ್ಟೇನೂ ಹೊಳೆಯುವುದಿಲ್ಲ. ಆದರೆ ಅದು ನಿಜವಾದ ಉತ್ತರದಿಂದ ಒಂದು ಡಿಗ್ರಿಯಷ್ಟೂ ಆಚೀಚೆ ಹೋಗುವುದಿಲ್ಲ.

ಮರದ ಕೊಂಬೆಯಿಂದ ಒಂದು ದಾರ ಇಳಿಬಿಟ್ಟು, ತುದಿಗೆ ಕಲ್ಲು ಕಟ್ಟಿದೆವು. ದಾರದಿಂದ ದಕ್ಷಿಣಕ್ಕೆ ಹತ್ತು ಹೆಜ್ಜೆ ಆಚೆ ನಾನು ಅಂಗಾತ ಮಲಗಿದೆ. ದಾರವೂ ಧ್ರುವವೂ ಒಂದೇ ಸಾಲಿಗೆ ಬರುವ ತನಕ ಹುಳುವಿನ ಹಾಗೆ ಪಕ್ಕಕ್ಕೆ ತೆವಳಿದೆ. ಸರಿಯಾಗಿ ಬಂದಾಗ ಕಣ್ಣಿನ ಹತ್ತಿರ ಒಂದು ಕಡ್ಡಿ ನೆಟ್ಟೆ. ಬೆಳಕು ಹರಿದ ಮೇಲೆ ಕಡ್ಡಿಯಿಂದ ದಾರಕ್ಕೆ ಬೇರಿಂಗ್ ತೆಗೆದರೆ ಸೊನ್ನೆ ಬರಬೇಕಿತ್ತು. ಬಂದದ್ದು 004.

"ಕಂಪಾಸ್ ಸರಿ ಇಲ್ಲ" ಅಂದೆ.

"ಸರಿಯಾಗೇ ಇದೆ. ಅದು ಹೇಳ್ತಿರೋ ಉತ್ತರ ಬೇರೆ" ಅಂದಳು.

ಉತ್ತರ ಒಂದಲ್ಲ. ಭೂಮಿ ತಿರುಗುವ ಅಕ್ಷದ ತುದಿ ನಿಜವಾದ ಉತ್ತರ. ಮುಳ್ಳಿಗೆ ಅದರ ಗೊಡವೆಯೇ ಇಲ್ಲ. ನಿಂತ ಜಾಗದಲ್ಲಿ ಭೂಮಿಯ ಆಯಸ್ಕಾಂತ ಬಲ ಹೇಗೆ ಹರಿದಿದೆಯೋ ಅದರ ಜೊತೆಗೆ ಸಾಲಾಗಿ ನಿಲ್ಲುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಊರಿಂದೂರಿಗೆ ಬೇರೆ. ಕೆಲವು ಕಡೆ ಸೊನ್ನೆ, ಕೆಲವು ಕಡೆ 15, 20 ಡಿಗ್ರಿ. ಚೀನಾದ ಶೆನ್ ಕುವೊ 1088ರ ಸುಮಾರಿಗೇ ಸೂಜಿ ನೆಟ್ಟಗೆ ದಕ್ಷಿಣ ತೋರಿಸದೆ ಸ್ವಲ್ಪ ಪೂರ್ವಕ್ಕೆ ವಾಲುತ್ತದೆ ಅಂತ ಬರೆದಿಟ್ಟಿದ್ದಾನೆ. ಅವರ ಸೂಜಿ ದಕ್ಷಿಣ ತೋರಿಸುವ ಸೂಜಿ. ಅದೂ ಸರಿಯೇ, ಮುಳ್ಳಿಗೆ ಎರಡು ತುದಿ ಇರುತ್ತವಲ್ಲ.

ಇನ್ನೂ ಒಂದು ತಮಾಷೆ. ಈ ಆಯಸ್ಕಾಂತ ಧ್ರುವ ಒಂದು ಕಡೆ ನಿಲ್ಲುವುದೂ ಇಲ್ಲ. ಜೇಮ್ಸ್ ಕ್ಲಾರ್ಕ್ ರಾಸ್ 1831ರಲ್ಲಿ ಅದನ್ನು ಉತ್ತರ ಕೆನಡಾದ ಬೂಥಿಯಾ ಪರ್ಯಾಯ ದ್ವೀಪದಲ್ಲಿ ಗುರುತಿಸಿದ. ಅಲ್ಲಿಂದ ಈಚೆಗೆ ಅದು ಸಾವಿರ ಕಿಲೋಮೀಟರಿಗಿಂತ ಜಾಸ್ತಿ ಸರಿದು ಸೈಬೀರಿಯಾ ಕಡೆ ಮುಖ ಮಾಡಿದೆ. ಅದಕ್ಕೇ ಒಳ್ಳೆಯ ನಕ್ಷೆಯ ಅಂಚಿನಲ್ಲಿ ವ್ಯತ್ಯಾಸ ಎಷ್ಟು, ಯಾವ ವರ್ಷದ ಅಳತೆ, ವರ್ಷಕ್ಕೆ ಎಷ್ಟು ಬದಲಾಗುತ್ತದೆ ಅಂತ ಬರೆದಿರುತ್ತಾರೆ. ನಮ್ಮ ನಕ್ಷೆಯ ಲೆಕ್ಕ 4 ಡಿಗ್ರಿ ಪಶ್ಚಿಮ. ದಾರ ಮತ್ತು ಕಡ್ಡಿ ಹೇಳಿದ್ದೂ ಅದನ್ನೇ. ನಿಜ ಹೇಳಬೇಕೆಂದರೆ ಈ ಐದು ದಿನದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಆ 004.

ಲೆಕ್ಕ ಸುಲಭ. ಮುಳ್ಳು 4 ಡಿಗ್ರಿ ಪಶ್ಚಿಮಕ್ಕೆ ವಾಲಿದ್ದರೆ, ನಕ್ಷೆಯಲ್ಲಿ ಅಳೆದ ಬೇರಿಂಗಿಗೆ 4 ಕೂಡಿಸಿ ಕಂಪಾಸಿಗೆ ಕೊಡಬೇಕು. ಕಂಪಾಸಿನಿಂದ ನಕ್ಷೆಗೆ ಬರುವಾಗ ಕಳೆಯಬೇಕು. ಪೂರ್ವಕ್ಕೆ ವಾಲಿದ ಜಾಗದಲ್ಲಿ ಎಲ್ಲ ಉಲ್ಟಾ. 4 ಡಿಗ್ರಿ ತಾನೇ ಅಂತ ಬಿಟ್ಟರೆ 5 ಕಿಲೋಮೀಟರಿಗೆ 350 ಮೀಟರ್ ತಪ್ಪುತ್ತದೆ. ನಕ್ಷೆಯ ಚೌಕದ ಗೆರೆಗಳಿಗೆ ಮೂರನೆಯ ಉತ್ತರ ಒಂದಿದೆ, ನಮ್ಮ ಹಾಳೆಯಲ್ಲಿ ಅದರ ವ್ಯತ್ಯಾಸ ತೀರಾ ಕಡಿಮೆ ಇದ್ದದ್ದರಿಂದ ಅದನ್ನು ಮಾತಾಡಿಸಲಿಲ್ಲ.

ಮಧ್ಯಾಹ್ನದ ಮೇಲೆ ಏರು. ಸುಮ್ನೆ ನಡೆದದ್ದೇ ಬಂತು, ಬರೆಯುವಂಥದ್ದು ಏನಿಲ್ಲ.

ಮೂರನೇ ದಿನ

ಬೋಳುಗುಡ್ಡದ ನೆತ್ತಿಯ ಸಾಲು. ಸುತ್ತ ಎಲ್ಲ ಕಾಣಿಸುತ್ತದೆ, ನಾವು ಎಲ್ಲಿದ್ದೇವೆ ಅನ್ನುವುದು ಮಾತ್ರ ಕಾಣಿಸುವುದಿಲ್ಲ. ಉತ್ತರ ಯಾವುದು ಅಂತ ಈಗ ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಹಾಳೆಯ ಮೇಲೆ ಬೆರಳಿಟ್ಟು ಇಲ್ಲಿ ಅನ್ನಲು ಆಗುವುದಿಲ್ಲ. ದಿಕ್ಕು ಗೊತ್ತಿರುವುದೇ ಬೇರೆ, ಜಾಗ ಗೊತ್ತಿರುವುದೇ ಬೇರೆ.

ಅಕ್ಕ ಮೂರು ಗುಡ್ಡ ಆರಿಸು ಅಂದಳು, ಒಂದಕ್ಕೊಂದು ದೂರ ಇರಲಿ, ಗುರುತು ಸಿಗುವಂತಿರಲಿ. ಬೇರಿಂಗ್ 338, 047, 112. ತಲಾ 4 ಕಳೆದರೆ 334, 043, 108. ನನ್ನಿಂದ ಗುಡ್ಡಕ್ಕೆ 334 ಆದರೆ ಗುಡ್ಡದಿಂದ ನನಗೆ ಎಷ್ಟು? 180 ಕಳೆ, 154. 180ಕ್ಕಿಂತ ಕಡಿಮೆ ಇದ್ದರೆ ಕೂಡಿಸು, ಹಾಗಾಗಿ 043ಕ್ಕೆ 223, 108ಕ್ಕೆ 288. ನಕ್ಷೆಯಲ್ಲಿ ಒಂದೊಂದು ಗುಡ್ಡದಿಂದಲೂ ಆ ಕೋನಕ್ಕೆ ಗೆರೆ ಎಳೆದರೆ ಮೂರೂ ಸೇರುವ ಕಡೆ ನಾವು.

ನನ್ನ ಮೊದಲ ಎರಡು ಗೆರೆ ಚೆನ್ನಾಗಿ ಕತ್ತರಿಸಿದವು. ಮೂರನೆಯದು ಎಲ್ಲೋ ಆಚೆ ಕಣಿವೆಯಲ್ಲಿ ಹೋಯಿತು. ಮತ್ತೆ ಅಳೆದೆ, 112ರಲ್ಲಿ ತಪ್ಪಿಲ್ಲ. ಕೋನ ಸರಿ, ಗುಡ್ಡ ತಪ್ಪು! ನಾನು ನೋಡಿದ್ದು ಜೋಡಿ ಗುಡ್ಡದ ಹಿಂದಿನದು, ಗೆರೆ ಎಳೆದದ್ದು ಮುಂದಿನದರಿಂದ. ಸರಿ ಮಾಡಿದ ಮೇಲೆ ಮೂರು ಗೆರೆಗಳ ನಡುವೆ ಸಣ್ಣ ತ್ರಿಕೋನ ಉಳಿಯಿತು, ಅಗಲ ಸುಮಾರು ಮೂರು ಮಿಲಿಮೀಟರ್. 50,000ಕ್ಕೆ 1ರ ನಕ್ಷೆಯಲ್ಲಿ ಅದು ನೆಲದ ಮೇಲೆ 150 ಮೀಟರ್. ಮೊದಲ ಸಲಕ್ಕೆ ಪರವಾಗಿಲ್ಲ ಅಂದಳು. ಎರಡೇ ಗೆರೆ ಎಳೆದಿದ್ದರೂ ಸಾಕಿತ್ತು, ಆದರೆ ಎರಡು ಗೆರೆ ಎಲ್ಲಾದರೂ ಕತ್ತರಿಸಿಯೇ ತೀರುತ್ತವೆ, ತಪ್ಪಿದ್ದರೂ. ತಪ್ಪನ್ನು ಹಿಡಿದುಕೊಡುವುದು ಮೂರನೆಯದು.

ರಾತ್ರಿ ಸುಸ್ತಾಗಿತ್ತು. ಕಂಪಾಸನ್ನು ಬ್ಯಾಗಿನ ಪಕ್ಕದ ಜೇಬಿಗೆ ತುರುಕಿ ಮಲಗಿದೆ. ಹೌದು, ಮೊಬೈಲ್ ಇದ್ದ ಅದೇ ಜೇಬಿಗೆ.

ನಾಲ್ಕನೇ ದಿನ

ಬೆಳಗ್ಗೆ ಟೆಂಟಿನ ಹೊರಗೆ ಏನೂ ಇರಲಿಲ್ಲ. ಮಂಜು. ಹದಿನೈದು ಹೆಜ್ಜೆ ಆಚೆ ಅಕ್ಕ ನೆರಳಾಗುತ್ತಾಳೆ, ಇನ್ನೈದು ಹೆಜ್ಜೆಗೆ ಅದೂ ಇಲ್ಲ.

ಹೋಗಬೇಕಾದದ್ದು ಹಳ್ಳದ ಪಕ್ಕದ ಗುಡಿಸಲಿಗೆ, ಸುಮಾರು 2 ಕಿಲೋಮೀಟರ್. ಮೊದಲು ನೆತ್ತಿಯ ಸಮತಟ್ಟು, ಆಮೇಲೆ ಆಗ್ನೇಯಕ್ಕೆ ಇಳಿಜಾರು. ನಕ್ಷೆಯಲ್ಲಿ ಬೇರಿಂಗ್ 134, ನಾಲ್ಕು ಕೂಡಿಸಿ 138. ಆದರೆ ಅಕ್ಕ ಡಯಲನ್ನು 128ಕ್ಕೆ ಇಡಿಸಿದಳು. ಬೇಕಂತಲೇ 10 ಡಿಗ್ರಿ ಎಡಕ್ಕೆ. ನೇರ ಗುಡಿಸಲಿಗೇ ಗುರಿಯಿಟ್ಟು ಸ್ವಲ್ಪ ತಪ್ಪಿ ಹಳ್ಳಕ್ಕೆ ಬಂದರೆ, ಗುಡಿಸಲು ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಾಗುವುದಿಲ್ಲ. 128ಕ್ಕೆ ಹೋದರೆ ಹಳ್ಳ ಸಿಗುವುದು ಗುಡಿಸಲಿಗಿಂತ ಸುಮಾರು 350 ಮೀಟರ್ ಎಡಕ್ಕೆ. ಹಳ್ಳ ಕಂಡ ಕೂಡಲೇ ಯೋಚನೆ ಮಾಡದೆ ಬಲಕ್ಕೆ ತಿರುಗಿದರೆ ಸರಿ. ಬೇಕಂತ ತಪ್ಪಿಸಿಕೊಂಡರೆ ಎಷ್ಟು ತಪ್ಪಿದ್ದೇವೆ ಅನ್ನುವುದಾದರೂ ಗೊತ್ತಿರುತ್ತದೆ. ಈ ಉಪಾಯ ಕಂಡುಹಿಡಿದವರಿಗೆ ಕೈ ಮುಗಿಯಬೇಕು.

ಮಂಜಿನಲ್ಲಿ ಗುರಿಯಿಡಲು ಮರವಿಲ್ಲ, ಬಂಡೆಯಿಲ್ಲ. ಹಾಗಾಗಿ ಅಕ್ಕನೇ ನನ್ನ ಮರ. ಅವಳು ಮುಂದೆ ಹೋಗುವುದು, ಮಾಯವಾಗುವ ಮೊದಲು ನಿಲ್ಲುವುದು. ನಾನು ಬಾಣದ ನೇರಕ್ಕೆ ನೋಡಿ "ಎಡಕ್ಕೆ... ಇನ್ನೂ ಸ್ವಲ್ಪ... ಸಾಕು" ಅಂತ ಕೂಗಿ ಅವಳನ್ನು ಗೆರೆಗೆ ತರುವುದು, ಆಮೇಲೆ ಅವಳಿದ್ದಲ್ಲಿಗೆ ಹೋಗುವುದು. ಎಡಗಾಲು ನೆಲಕ್ಕೆ ತಾಗಿದಾಗಲೆಲ್ಲ ಒಂದು ಎಣಿಕೆ, ನನಗೆ 62 ಆದರೆ 100 ಮೀಟರ್. ಪ್ರತಿ ನೂರಕ್ಕೆ ಒಂದು ಸಣ್ಣ ಕಲ್ಲು ಎಡ ಜೇಬಿನಿಂದ ಬಲ ಜೇಬಿಗೆ.

ಐದನೇ ಕಲ್ಲು ಜೇಬು ಬದಲಿಸುವ ಹೊತ್ತಿಗೆ ಉಸಿರು ಬಿಗಿಯಾಗುತ್ತಿತ್ತು. ಅಕ್ಕ ನಿಂತಳು.

"ನಾವು ಹತ್ತುತಾ ಇದ್ದೀವಿ."

"ಸಣ್ಣ ದಿಬ್ಬ ಇರಬೇಕು" ಅಂದೆ.

"ನಕ್ಷೇಲಿ ತೋರ್ಸು."

ತೋರಿಸಲು ದಿಬ್ಬ ಇರಲಿಲ್ಲ. ಆಗ್ನೇಯಕ್ಕೆ ಇಳಿಜಾರು ಮಾತ್ರ. ಅವಳು ತನ್ನ ಕಂಪಾಸ್ ತೆಗೆದು ನನ್ನದರಿಂದ ಎರಡು ಅಡಿ ದೂರ ಹಿಡಿದಳು. ಅವಳ ಕೆಂಪು ಮುಳ್ಳು ಆ ಕಡೆ, ನನ್ನದು ಈ ಕಡೆ. ಸರಿಯಾಗಿ ವಿರುದ್ಧ. ಎರಡೂ ಅಲುಗಾಡದೆ, ಎರಡೂ ಪೂರ್ತಿ ನಂಬಿಕೆಯಿಂದ ನಿಂತಿದ್ದವು.

ಬೆನ್ನಲ್ಲಿ ತಣ್ಣಗಾಯಿತು. ಕಂಪಾಸ್ ಒಂದೇ ಇದ್ದಿದ್ದರೆ ನಂಬಿಕೊಂಡು ಹೋಗುತ್ತಿದ್ದೆ. ಎರಡಿವೆ, ಯಾವುದನ್ನು ನಂಬುವುದು? ಸೂರ್ಯನಿಲ್ಲ, ನಕ್ಷತ್ರವಿಲ್ಲ, ಗುಡ್ಡಗಳಿಲ್ಲ. ನನ್ನ ಮನಸ್ಸು ನನ್ನ ಕಂಪಾಸಿನ ಕಡೆಗೇ ಇತ್ತು ಅನ್ನುವುದನ್ನು ಒಪ್ಪಿಕೊಳ್ಳಬೇಕು. ಅರ್ಧ ಗಂಟೆಯಿಂದ ಅದರ ಮಾತು ಕೇಳಿ ನಡೆದಿದ್ದೆನಲ್ಲ, ಒಂದು ಥರಾ ಸಲಿಗೆ ಬೆಳೆದಿತ್ತು.

ಅಕ್ಕ ಕುಕ್ಕರಗಾಲಿನಲ್ಲಿ ಕೂತು ನೀರಿನ ಬಾಟಲಿಯಿಂದ ಸ್ವಲ್ಪ ನೀರನ್ನು ಬಂಡೆಯ ಮೇಲೆ ಸುರಿದಳು. ನೀರು ನಾವು ಬಂದ ದಾರಿಯ ಕಡೆಗೆ ಹರಿಯಿತು. ನಕ್ಷೆಯಲ್ಲಿ ಸಮತಟ್ಟಿನ ವಾಯವ್ಯಕ್ಕೆ ಏರು ಇದೆ, ಆಗ್ನೇಯಕ್ಕೆ ಇಳಿಜಾರು. ನಾವು ಏರುತ್ತಿದ್ದೇವೆ ಅಂದರೆ 128ಕ್ಕಲ್ಲ, 308ಕ್ಕೆ ಹೋಗುತ್ತಿದ್ದೇವೆ. ಸುಳ್ಳು ಹೇಳಿದ್ದು ನನ್ನ ಮುಳ್ಳು. ತೀರ್ಪು ಕೊಟ್ಟದ್ದು ನೆಲ.

"ರಾತ್ರಿ ಎಲ್ಲಿಟ್ಟಿದ್ದೆ ಇದನ್ನ?"

ಹೇಳಿದೆ. ಅವಳು ಬೈಯಲಿಲ್ಲ, ಅದೇ ಕಷ್ಟ. ಮುಳ್ಳು ಅಂದರೆ ಸಣ್ಣ ಆಯಸ್ಕಾಂತ ತಾನೇ. ಅದಕ್ಕಿಂತ ಬಲವಾದ ಆಯಸ್ಕಾಂತಕ್ಕೆ ಅಂಟಿಕೊಂಡು ಇದ್ದರೆ ಅದರ ತುದಿಗಳೇ ಅದಲುಬದಲಾಗಬಹುದು. ಕೆಂಪು ದಕ್ಷಿಣಕ್ಕೆ, ಬಿಳಿ ಉತ್ತರಕ್ಕೆ. ಮುಳ್ಳು ಪೂರ್ತಿ ಕೆಟ್ಟಿದ್ದರೆ ಎಲ್ಲೆಲ್ಲೋ ತಿರುಗುತ್ತಿತ್ತು, ನಮಗೂ ಅನುಮಾನ ಬರುತ್ತಿತ್ತು. ಇದು ನೆಟ್ಟಗೆ ನಿಂತು ಸುಳ್ಳು ಹೇಳುವ ಜಾತಿ. ಮೊದಲ ದಿನ ಜೇಬಿನಿಂದ ತೆಗೆದು ದೂರ ಮಾಡಿದ್ದ ಮೊಬೈಲನ್ನು ನಾನೇ ಅದರ ಪಕ್ಕದಲ್ಲಿ ಮಲಗಿಸಿದ್ದೆ.

ಒಂದು ಒಳ್ಳೆಯದಾಯಿತು. ಬಲ ಜೇಬಿನಲ್ಲಿ ಐದು ಕಲ್ಲು ಇದ್ದವು. ಅಕ್ಕನ ಕಂಪಾಸಿನಲ್ಲಿ 128 ಹಿಡಿದು ಐದೂ ಕಲ್ಲನ್ನು ವಾಪಸ್ ಎಡಕ್ಕೆ ಹಾಕುವ ತನಕ ನಡೆದರೆ ಹೊರಟ ಜಾಗ. ಟೆಂಟ್ ಕಿತ್ತ ಗೂಟದ ತೂತು ಕಾಣಿಸಿದಾಗ ನಾನು ಸಣ್ಣ ಮಗುವಿನ ಹಾಗೆ ಕೂಗಿದೆ.

ಅಲ್ಲಿಂದ ಮುಂದೆ ಒಂದೇ ತೊಡಕು, ದಾರಿಗೆ ಅಡ್ಡ ಒಂದು ಜೌಗು. ಸುತ್ತುಹಾಕಿ ಹೋದರೆ ಗೆರೆ ತಪ್ಪುತ್ತದೆ. ಬಲಕ್ಕೆ 90 ತಿರುಗಿ 218ಕ್ಕೆ 80 ಎಣಿಕೆ, ಮತ್ತೆ 128ಕ್ಕೆ ಜೌಗು ದಾಟುವ ತನಕ, ಆಮೇಲೆ 038ಕ್ಕೆ ಅದೇ 80 ಎಣಿಕೆ. ಮತ್ತೆ ಹಳೆಯ ಗೆರೆಯ ಮೇಲೇ ಇದ್ದೆವು. ಪಕ್ಕಕ್ಕೆ ಹೋದದ್ದನ್ನು ಎಣಿಸಬೇಕು, ಮುಂದಕ್ಕೆ ಹೋದದ್ದನ್ನು ದೂರಕ್ಕೆ ಸೇರಿಸಬೇಕು, ಅಷ್ಟೇ.

ಹಳ್ಳದ ಸದ್ದು ಮೊದಲು ಕೇಳಿಸಿತು, ಆಮೇಲೆ ಕಾಣಿಸಿತು. ಬಲಕ್ಕೆ ತಿರುಗಿದೆವು. ಸುಮಾರು 400 ಮೀಟರ್ ಹೋದ ಮೇಲೆ ಮಂಜಿನಲ್ಲಿ ಒಂದು ಕಪ್ಪು ಮೂಲೆ, ಆಮೇಲೆ ಗೋಡೆ, ಆಮೇಲೆ ಬಾಗಿಲು.

ಐದನೇ ದಿನ

ಮಂಜು ಹರಿದು ಬಿಸಿಲು ಬಂತು. ಅಕ್ಕ ನನ್ನ ಕಂಪಾಸಿನ ಬೆನ್ನಿಗೆ ಬಟ್ಟೆಯ ಟೇಪ್ ಅಂಟಿಸಿ ‘ಉಲ್ಟಾ’ ಅಂತ ಬರೆದಳು, ಯಾರೂ ಮರೆತು ಕಾಡಿಗೆ ಒಯ್ಯದಿರಲಿ ಅಂತ. ಅದನ್ನು ಎಸೆಯಲು ನನಗೆ ಮನಸ್ಸು ಬರಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಒಂದು ಕೋಲು ನೆಟ್ಟು ನೆರಳಿನ ತುದಿಗೆ ಒಂದು ಕಲ್ಲು, ಇಪ್ಪತ್ತು ನಿಮಿಷ ಬಿಟ್ಟು ತುದಿ ಸರಿದ ಕಡೆಗೆ ಇನ್ನೊಂದು ಕಲ್ಲು ಇಟ್ಟೆ. ಮೊದಲ ಕಲ್ಲು ಪಶ್ಚಿಮದ ಕಡೆ, ಎರಡನೆಯದು ಪೂರ್ವದ ಕಡೆ. ಬೆಳಗ್ಗೆ ಇದು ಅಂದಾಜು ಮಾತ್ರ, ನಡುಹಗಲಿನ ಆಚೀಚೆ ಮಾಡಿದರೆ ಹೆಚ್ಚು ಸರಿ ಬರುತ್ತದೆ. ಆದರೂ ಯಾವ ಮೊಬೈಲೂ ಉಲ್ಟಾ ಮಾಡಲಾಗದ ಕಂಪಾಸ್ ಇದು.

ಬಸ್ ಬಂತು. ನಕ್ಷೆ ನೋಡಿದೆ. ನಾವು ಹೋಗುವ ಊರು 190ರ ಕಡೆಗೆ, ಅಂದರೆ ದಕ್ಷಿಣ. ಬೆಳಗಿನ ಸೂರ್ಯ 120ರ ಆಸುಪಾಸು. ದಕ್ಷಿಣಕ್ಕೆ ಮುಖ ಮಾಡಿದರೆ ಪೂರ್ವ ಎಡಕ್ಕೆ. "ಬಲಗಡೆ ಕೂರಬೇಕು ಅಕ್ಕ, ನೆರಳು ಇರುತ್ತೆ" ಅಂತ ಜಂಬದಿಂದ ಹೇಳಿ ಬಲಗಡೆಯ ಕಿಟಕಿ ಹಿಡಿದೆ. ಅವಳು ಏನೂ ಹೇಳದೆ ಎಡಗಡೆ ಕೂತಳು.

ಬಸ್ ಹೊರಟು, ಗುಡ್ಡದ ಮೂಲೆ ಬಳಸಲು ಉತ್ತರಕ್ಕೆ ತಿರುಗಿತು. ಮುಂದಿನ ಮುಕ್ಕಾಲು ಗಂಟೆ ಹಾಗೇ ಹೋಯಿತು. ಬಿಸಿಲು ನೇರ ನನ್ನ ಕೆನ್ನೆಯ ಮೇಲೆ.

"ಬೇರಿಂಗ್ ನೋಡ್ದೆ, ರಸ್ತೆ ನೋಡ್ಲಿಲ್ಲ ಅಲ್ವಾ?" ಅಂದಳು ಅಕ್ಕ, ನೆರಳಿನಲ್ಲಿ ಕಾಲು ಚಾಚಿಕೊಂಡು.